ನೀಲಿ ಕಾಲಿನ ಬಾತುಕೋಳಿ

"ಏನ್ರೀ, ನಿಂತು ಏನು ನೋಡ್ತಾ ಇದೀರಿ? ಬಂದು ಸ್ಟೂಲ್ ಹಿಡ್ಕೊಳ್ಳಿ!"

ಬಾಗಿಲಲ್ಲಿ ನಿಂತಿದ್ದ ಆ ಮನುಷ್ಯ ಒಮ್ಮೆ ಹಿಂದೆ ತಿರುಗಿ ನೋಡಿದ. ಬೇರೆ ಯಾರಿಗೋ ಹೇಳುತ್ತಿದ್ದಾಳೆ ಅಂದುಕೊಂಡ ಪಾಪ. ಹಿಂದೆ ಯಾರೂ ಇರಲಿಲ್ಲ.

"ನಿಮಗೇ ಹೇಳಿದ್ದು! ಬಡಗಿ ತಾನೆ ನೀವು? ಅಷ್ಟು ದಿನದಿಂದ ಕರೀತಾ ಇದ್ರೆ ಇವತ್ತೇ ಬರಬೇಕಿತ್ತಾ? ಇರಲಿ, ಬೇಗ ಬನ್ನಿ... ಇದಕ್ಕೆ ಒಂದು ಕಾಲು ಕುಂಟು!"

ಅವನು ಭುಜದ ಮೇಲಿದ್ದ ಬಟ್ಟೆಯ ಜೋಳಿಗೆಯನ್ನು ಹಿಂದಕ್ಕೆ ತಳ್ಳಿದ. ಮಂಡಿಯೂರಿ ಕೂತು ಸ್ಟೂಲಿನ ಕಾಲುಗಳನ್ನು ಗಟ್ಟಿಯಾಗಿ ಹಿಡಿದ.

ಸ್ಟೂಲಿನ ಮೇಲೆ ನಿಂತಿದ್ದವಳು ಆ ಶಿಶುವಿಹಾರದ ಟೀಚರ್. ಶಾಲೆ ನಡೆಸುವವರು ದೊಡ್ಡ ಮಿಸ್, ಹಾಗಾಗಿ ಮಕ್ಕಳ ಬಾಯಲ್ಲಿ ಇವಳು ಚಿಕ್ಕ ಮಿಸ್. ಅವಳ ಎದುರಿನ ಗೋಡೆಯಲ್ಲಿ ಸಾಲಾಗಿ ಕೊಕ್ಕೆಗಳು, ಒಂದೊಂದು ಕೊಕ್ಕೆಯ ಮೇಲೂ ಒಂದೊಂದು ಚಿತ್ರ. ಓದಲು ಬಾರದ ಪುಟಾಣಿಗಳಿಗೆ ಹೆಸರು ಬರೆದರೆ ಏನು ತಿಳಿಯುತ್ತದೆ? ಅದಕ್ಕೇ ಒಬ್ಬನಿಗೆ ಆನೆ, ಒಬ್ಬಳಿಗೆ ಛತ್ರಿ, ಇನ್ನೊಬ್ಬನಿಗೆ ಮೀನು. ತಮ್ಮ ಚಿತ್ರದ ಕೆಳಗೆ ಬಂದು ನಿಂತರೆ ಟೀಚರ್ ಅವರ ಚೀಲವನ್ನು ಮೇಲೆ ನೇತುಹಾಕುತ್ತಿದ್ದಳು.

ಈಗ ಅವಳು ಉಗುರಿನಿಂದ ಕೀಳುತ್ತಿದ್ದದ್ದು ಬಾತುಕೋಳಿಯ ಚಿತ್ರವನ್ನು.

"ಇವತ್ತು ತರಗತಿ ನೋಡೋಕೆ ಯಾರೋ ದೊಡ್ಡ ಮನುಷ್ಯರು ಬರ್ತಾರಂತೆ. ಅವರು ಬರೋದ್ರೊಳಗೆ ಇದೊಂದು..."

ಪರ್ರ್...!

ಚಿತ್ರ ಎರಡು ತುಂಡಾಗಿ ಕೈಗೆ ಬಂತು.

"ಅಯ್ಯೋ!"

"ಏನಾಯ್ತು?"

"ಏನಿಲ್ಲ... ಹಳೇದು. ಹೇಗೂ ಹೋಗಿತ್ತು." ಅವಳು ತುಂಡುಗಳನ್ನು ಮುಷ್ಟಿಯಲ್ಲಿ ಮುದುರಿಕೊಂಡು ಇಳಿಯಲು ಹೋದಳು. ಸ್ಟೂಲ್ ವಾಲಿತು. ಬಿದ್ದೇ ಹೋದಳು ಅನ್ನುವಷ್ಟರಲ್ಲಿ ಒಂದು ಕೈ ಅವಳ ಮೊಣಕೈಯನ್ನು ಹಿಡಿದು ನಿಲ್ಲಿಸಿತ್ತು.

"ನಿಧಾನ..."

ಅವಳು ತಲೆಯೆತ್ತಿದಳು. ಬಡಗಿಯ ಕಣ್ಣುಗಳು ಇಷ್ಟು ಶಾಂತವಾಗಿರುತ್ತವಾ?

ಅಷ್ಟರಲ್ಲಿ ದೊಡ್ಡ ಮಿಸ್ ದಡಬಡನೆ ಒಳಗೆ ಬಂದರು. "ಸರ್! ಆಗಲೇ ಬಂದ್ಬಿಟ್ರಾ? ಹೇಳಿದ್ರೆ ಗೇಟಿನ ಹತ್ರ ಬರ್ತಿದ್ನಲ್ಲ!"

"ಪರವಾಗಿಲ್ಲ ಮೇಡಂ," ಅವನು ಮಂಡಿಯ ಧೂಳು ಕೊಡವಿಕೊಂಡ. "ಬಂದ ತಕ್ಷಣ ಕೆಲಸಾನೂ ಸಿಕ್ತು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ!

*

ಆ ಬಾತುಕೋಳಿ ಯಾರದ್ದು ಅಂತ ಹೇಳಲೇಬೇಕು. ಅದು ಚಿನಕುರಳಿಯದ್ದು.

ಹೆಸರು ಕೇಳಿ ಮೋಸ ಹೋಗಬೇಡಿ. ಇಡೀ ಶಾಲೆಯಲ್ಲಿ ಮಾತೇ ಆಡದ ಮಗು ಅದು. ಬಾಯಿಬಿಡದ ಮೊಮ್ಮಗಳಿಗೆ ಅಜ್ಜಿ ಇಟ್ಟ ಮುದ್ದಿನ ಹೆಸರು ಚಿನಕುರಳಿ! "ಒಂದಲ್ಲ ಒಂದಿನ ಪಟಪಟಾ ಅಂತ ಸಿಡೀತಾಳೆ, ನೋಡ್ತಿರಿ ಟೀಚರೇ," ಎನ್ನುತ್ತಿದ್ದರು. ತಾಯಿ ಹೊಲಿಗೆ ಕಾರ್ಖಾನೆಗೆ ಬೆಳಗ್ಗೆ ಹೋದರೆ ಸಂಜೆ ಮನೆ ಸೇರುವವಳು. ಮಂಡಿನೋವಿನ ಅಜ್ಜಿಯೇ ಮಗುವನ್ನು ಕರೆತಂದು ಬಿಡುತ್ತಿದ್ದದ್ದು.

ಸೇರಿದ ಹೊಸದರಲ್ಲಿ ಚಿನಕುರಳಿ ಬಾಗಿಲ ಪಕ್ಕ ಕೂತರೆ ಏಳುತ್ತಿರಲಿಲ್ಲ. ಒಂದು ದಿನ ತಾನಾಗಿಯೇ ನೀಲಿ ಬಳಪ ತೆಗೆದುಕೊಂಡು, ಟೀಚರ್ ಬರೆದಿಟ್ಟಿದ್ದ ಬಾತುಕೋಳಿಯ ಕಾಲಿಗೆ ಬಳಿದಳು. "ಮಿಸ್, ಬಾತುಕೋಳಿ ಕಾಲು ನೀಲಿ ಇರುತ್ತಾ?" ಎಂದು ಉಳಿದವರು ನಕ್ಕರು. "ಇವಳ ಬಾತುಕೋಳಿಗೆ ಇರುತ್ತೆ ಕಣ್ರೋ," ಎಂದು ಚಿಕ್ಕ ಮಿಸ್ ಅದನ್ನೇ ಅವಳ ಕೊಕ್ಕೆಯ ಮೇಲೆ ಅಂಟಿಸಿದಳು. ಅಂದಿನಿಂದ ಆ ಮಗು ಬಂದ ಕೂಡಲೇ ಬಾತುಕೋಳಿಯ ಕೆಳಗೆ ನಿಂತು, ಎರಡೂ ಕೈಯಲ್ಲಿ ಚೀಲವನ್ನು ಮೇಲಕ್ಕೆತ್ತುತ್ತಿತ್ತು. ಅದೇ ಅವಳ 'ಬಂದೆ ಮಿಸ್'.

ಆದರೆ ಹೊಸಬರನ್ನು ಕಂಡರೆ ಮೇಜಿನ ಕೆಳಗೆ ನುಗ್ಗಿ, ಕತ್ತಿನ ನರ ಉಬ್ಬುವಂತೆ ಕಿರುಚುತ್ತಿದ್ದಳು.

ದೊಡ್ಡ ಮಿಸ್ ಹಿಂದಿನ ದಿನ ಹೇಳಿದ್ದರು, "ನಾಳೆ ಬರೋರು ಒಳ್ಳೇ ಮಾತು ಹೇಳಿದ್ರೆ ನಿನ್ನ ಕೆಲಸ ಖಾಯಂ. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲಮ್ಮ." ವರ್ಷ ವರ್ಷವೂ 'ಮುಂದಿನ ವರ್ಷ ನೋಡೋಣ' ಅನ್ನಿಸಿಕೊಂಡು ಸುಸ್ತಾಗಿದ್ದವಳು ಅವಳು. ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದರೆ ಎಂಬ ಹೆದರಿಕೆ. ಸಂಜೆ ಫೋನ್ ಎತ್ತಿದಳು.

"ಅಜ್ಜಿ, ನಾಳೆ ಶಾಲೆಗೆ ರಜೆ."

ಅಷ್ಟೇ. ಒಂದೇ ಒಂದು ಸುಳ್ಳು! ಬೆಳಗ್ಗೆ ಬಂದ ಮೇಲೆ, ಎಲ್ಲ ಚೀಲಗಳ ನಡುವೆ ಚಿತ್ರವಿರುವ ಒಂದು ಕೊಕ್ಕೆ ಬರಿದಾಗಿದ್ದರೆ 'ಇದು ಯಾರದ್ದು' ಅಂತ ಕೇಳುತ್ತಾರಲ್ಲ ಅನ್ನಿಸಿತು. ಸುಳ್ಳಿಗೆ ಕಾಲಿಲ್ಲ ನೋಡಿ, ಅದನ್ನು ಹೊತ್ತು ನಡೆಯಲು ಇನ್ನೊಂದು ಬೇಕು. ಸ್ಟೂಲ್ ಹತ್ತಿದ್ದು ಅದಕ್ಕೇ.

ತರಗತಿಯೇನೋ ಹೂ ಎತ್ತಿದಷ್ಟು ಸಲೀಸಾಗಿ ನಡೆಯಿತು. ಮಕ್ಕಳು ಹಾಡಿದರು, ಎಣಿಸಿದರು, ಬಣ್ಣಗಳ ಹೆಸರು ಹೇಳಿದರು. ಅವನು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದ.

"ನೀನು ದೊಡ್ಡೋನಾ, ಚಿಕ್ಕೋನಾ?" ಆನೆ ಚಿತ್ರದ ಪೋರ ಕೇಳಿಯೇಬಿಟ್ಟ.

"ಇನ್ನೂ ತೀರ್ಮಾನ ಆಗಿಲ್ಲಪ್ಪ."

ಮಕ್ಕಳು ಗೊಳ್ಳೆಂದು ನಕ್ಕರು. ಮಧ್ಯಾಹ್ನದೊಳಗೆ ಅವನಿಗೆ 'ಜೋಳಿಗೆ ಮಾಮ' ಎಂದು ನಾಮಕರಣವೂ ಆಯಿತು.

ಮಕ್ಕಳು ಹೋದ ಮೇಲೆ ಅವನು ಕೇಳಿದ, "ಇವತ್ತು ಎಲ್ಲ ಮಕ್ಕಳೂ ಬಂದಿದ್ರಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಯಿತು ಅವಳಿಗೆ. "ಹ್ಞೂಂ... ಎಲ್ಲರೂ."

"ಚೆನ್ನಾಗಿತ್ತು. ಎರಡೇ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿಬಿಡ್ತೀರಿ. ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಮಗು ಒಳಗೊಳಗೇ ಹುಡುಕ್ತಾ ಇರುತ್ತೆ."

ಯಾರೂ ಇದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಕೈಗೊಂದು ಡಬ್ಬಿ ಬಳಪ ಕೊಟ್ಟು ತರಗತಿಗೆ ಕಳಿಸಿದ್ದರು, ಅಷ್ಟೇ ತರಬೇತಿ. "ಇನ್ನೊಂದು?"

"ಆ ಕೊಕ್ಕೆಗಳು ನಮ್ಮ ಎತ್ತರಕ್ಕಿವೆ. ಚೀಲ ಮಾತ್ರ ಅವರದ್ದು. ಕೆಳಗೆ ಹಾಕಿಸಿದ್ರೆ ಅವರೇ ನೇತುಹಾಕ್ತಾರೆ." ಅವನು ಮುಗುಳ್ನಕ್ಕ. "ನೀವೂ ಕುಂಟು ಸ್ಟೂಲ್ ಹತ್ತೋದು ತಪ್ಪುತ್ತೆ."

ಅವಳ ಮುಖ ಕೆಂಪಾಯಿತು. ಮುಷ್ಟಿಯ ತುಂಡುಗಳು ಆಗಲೇ ಪರ್ಸಿನ ಜಿಪ್ಪಿನೊಳಗೆ ಸೇರಿದ್ದವು.

ನಿಜವಾದ ಬಡಗಿ ಅಂತೂ ಅಂದು ಸಂಜೆ ದಯಮಾಡಿಸಿದ. ಕೊಕ್ಕೆಗಳೆಲ್ಲ ಕೆಳಗಿಳಿದವು, ಟೀಚರ್ ಪರ್ಸಿಗೆಂದು ಬಾಗಿಲ ಪಕ್ಕದ ಒಂದು ಮಾತ್ರ ಮೇಲೆಯೇ ಉಳಿಯಿತು. ಆನೆ, ಛತ್ರಿ, ಮೀನು ಎಲ್ಲವನ್ನೂ ಅವಳು ಕೆಳಗೆ ಅಂಟಿಸಿದಳು. 'ಬಾತುಕೋಳಿ ಒಂದನ್ನು ಬೆಳಗ್ಗೆ ಬೇಗ ಬಂದು ಹೊಸದಾಗಿ ಬರೆದರಾಯಿತು' ಅಂದುಕೊಂಡಳು.

ಮರುದಿನವೇ ಬಸ್ಸು ತಡವಾಗಬೇಕೇ!

ಅವಳು ಏದುಸಿರು ಬಿಡುತ್ತಾ ಓಡಿ ಬಂದಾಗ ತರಗತಿ ತುಂಬ ಸಂಭ್ರಮ. "ಮಿಸ್, ನಾನೇ ಹಾಕ್ದೆ!" "ಮಿಸ್, ನನ್ನ ಮೀನು ಕೆಳಗೆ ಬಂತು!" ಆ ಗದ್ದಲದ ನಡುವೆ ಚಿನಕುರಳಿ ಒಂದು ಬರಿಯ ಕೊಕ್ಕೆಯ ಎದುರು ನಿಂತಿದ್ದಳು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಚಿತ್ರ ನೋಡಿದಳು. ಮತ್ತೆ ಮೊದಲಿಂದ ನೋಡಿದಳು. ಆಮೇಲೆ ಚೀಲವನ್ನು ಎದೆಗವಚಿಕೊಂಡು ಬಾಗಿಲ ಪಕ್ಕ ಹೋಗಿ ಕೂತಳು, ಸೇರಿದ ಹೊಸದರಲ್ಲಿ ಕೂರುತ್ತಿದ್ದ ಅದೇ ಜಾಗದಲ್ಲಿ.

ಚಿಕ್ಕ ಮಿಸ್ ಅವಸರದಲ್ಲಿ ಹೊಸ ಬಾತುಕೋಳಿ ಬರೆದಳು. ಕಾಲಿಗೆ ನೀಲಿ ಬಣ್ಣವನ್ನೂ ಬಳಿದಳು. "ನೋಡು ಪುಟ್ಟಾ, ನಿನ್ನ ಬಾತುಕೋಳಿ! ಬಾ, ಚೀಲ ಹಾಕೋಣ."

ಮಗು ಚಿತ್ರವನ್ನು ನೋಡಿತು, ಟೀಚರ್ ಮುಖವನ್ನು ನೋಡಿತು, ಇಲ್ಲವೆಂದು ತಲೆಯಾಡಿಸಿತು. ತನ್ನ ಕೈಯ ಗೀಚು ಯಾವುದು, ಬೇರೆಯವರದ್ದು ಯಾವುದು ಅಂತ ಅವಳಿಗೆ ಗೊತ್ತಿರುವುದಿಲ್ಲವೇ?

ಅಂದಿನಿಂದ ಚೀಲ ಕೆಳಗಿಳಿಯಲಿಲ್ಲ. ಊಟಕ್ಕೆ ಕೂತರೂ ಮಡಿಲಲ್ಲಿ ಚೀಲ. ಮಲಗಿದರೂ ತಬ್ಬಿದ ಚೀಲ. ಮರಳಿನಲ್ಲಿ ಆಡಲು ಕರೆದರೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಯಾವಾಗ ಬೇಕಾದರೂ ಎದ್ದು ಹೋಗು ಅನ್ನುತ್ತಾರೆ ಎಂಬಂತೆ.

'ನಾನು... ನಾನೇ ಮಾಡಿದ್ದು ಇದು.' ಚಿಕ್ಕ ಮಿಸ್ ತನ್ನ ಊಟದ ಡಬ್ಬಿಯನ್ನು ಮುಚ್ಚಿಟ್ಟಳು.

*

ಟೀಚರ್‌ಗಳ ತರಬೇತಿಗೆಂದು ಜೋಳಿಗೆ ಮಾಮ ಇನ್ನು ಮುಂದೆ ವಾರಕ್ಕೊಮ್ಮೆ ಬರಬೇಕಿತ್ತು. ಮುಂದಿನ ವಾರ ಬಂದವನೇ ಬಾಗಿಲ ಪಕ್ಕ ಕೂತಿದ್ದ ಮಗುವನ್ನು ನೋಡಿ ನಿಂತ. ಅಂದೇಕೋ ಅವಳು ಕಿರುಚಲಿಲ್ಲ. ಚೀಲದ ಹಿಂದೆ ಮುಖ ಮುಚ್ಚಿಕೊಂಡಳು.

"ಈ ಮುಖ ಅವತ್ತು ನೋಡಿದ ನೆನಪಿಲ್ಲವಲ್ಲ?"

ಚಿಕ್ಕ ಮಿಸ್‌ಳನ್ನು ಉಳಿಸಲು, ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮನೇ ಬಾಯಿಹಾಕಿದಳು, "ಮೂಲೇಲಿ ಕೂರೋ ಮಗು ಸಾರ್. ಯಾರ ಕಣ್ಣಿಗೂ ಬೀಳಲ್ಲ."

ಅವನ ಮುಖ ಬಾಡಿತು. "ಮಕ್ಕಳನ್ನ ನೋಡೋದೇ ನನ್ನ ಕೆಲಸ. ಒಂದು ಮಗು ಇಡೀ ದಿನ ಕಣ್ಣಿಗೇ ಬಿದ್ದಿಲ್ಲ ಅಂದ್ರೆ..."

"ಈಗಂತೂ ಚೀಲಾನೂ ಬಿಡಲ್ಲ ಸಾರ್. ಕೊಕ್ಕೆ ಕೆಳಗೆ ಹಾಕಿದ ದಿನದಿಂದ ಹೀಗೇ."

"ಅಂದ್ರೆ... ನಾನು ಹೇಳಿದ್ದರಿಂದ?"

ಅವನು ಕೊಕ್ಕೆಗಳ ಸಾಲಿನತ್ತ ತಿರುಗಿದ.

"ಮಕ್ಕಳಿಗೆ ಮೊದಲೇ ತಿಳಿಸಿ, ಅವರ ಕೈಯಿಂದಲೇ ಚಿತ್ರ ಅಂಟಿಸಬೇಕಿತ್ತು. ನಾನು ಅದನ್ನ ನಿಮಗೆ ಹೇಳಲೇ ಇಲ್ಲ. ಬದಲಾವಣೆ ಅಂದ್ರೆ ಇಂಥ ಮಗುವಿಗೆ ಎಷ್ಟು ಕಷ್ಟ ಅಂತ ಗೊತ್ತಿದ್ದೂ... ಕ್ಷಮಿಸಿ ಟೀಚರ್. ತಪ್ಪು ನಂದು."

ಕ್ಷಮೆ! ಅವನು ಅವಳ ಬಳಿ ಕ್ಷಮೆ ಕೇಳುತ್ತಿದ್ದ!

'ಹೇಳು... ಈಗಲೇ ಹೇಳಿಬಿಡು,' ಅಂತ ಮನಸ್ಸು ಬಡಿದುಕೊಂಡಿತು. ಬಾಯಲ್ಲಿ ಬಿಸಿತುಪ್ಪ. ಉಗುಳಲಾರಳು, ನುಂಗಲಾರಳು. ಕೊನೆಗೆ ನುಂಗಿದಳು.

ಅಂದಿನಿಂದ ಅವನು ಬಂದಾಗಲೆಲ್ಲ ಚಿನಕುರಳಿಯ ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಿದ್ದ. ಮಾತಾಡಿಸುತ್ತಿರಲಿಲ್ಲ, ಚೀಲ ಮುಟ್ಟುತ್ತಿರಲಿಲ್ಲ. ತನ್ನ ಜೋಳಿಗೆಯನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಅವಳು ಚೀಲ ಸರಿಪಡಿಸಿಕೊಂಡರೆ ಇವನೂ ಜೋಳಿಗೆ ಸರಿಪಡಿಸಿಕೊಳ್ಳುತ್ತಿದ್ದ. ಒಂದು ದಿನ ಮಗು ಅವನ ಜೋಳಿಗೆಯ ಗುಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿತು. ಅವನು ದೂರದಿಂದಲೇ ಚಿಕ್ಕ ಮಿಸ್ ಕಡೆ ನೋಡಿ ಕಣ್ಣರಳಿಸಿದ. ಹುಡುಗರಿಗೆ ಗಾಳಿಪಟ ಸಿಕ್ಕಂಥ ಖುಷಿ ಆ ಮುಖದಲ್ಲಿ.

ಅವಳು ಆ ಕ್ಷಣದಲ್ಲೇ ಸೋತುಹೋದಳು. ಪ್ರೀತಿ ಅನ್ನುವುದು ಹೀಗೂ ಬರುತ್ತದಾ? ತಪ್ಪು ಮಾಡಿದ ಜಾಗಕ್ಕೇ ಹುಡುಕಿಕೊಂಡು?

ತರಬೇತಿ ಮುಗಿದ ಮೇಲೆ ಇಬ್ಬರೂ ಅಡುಗೆಕೋಣೆಯ ಕಟ್ಟೆಗೆ ಒರಗಿ ಚಹಾ ಕುಡಿಯುತ್ತಿದ್ದರು. ಮಗುವಿನ ಎತ್ತರಕ್ಕೆ ಕೂತು ಮಾತಾಡುವುದನ್ನು, ಉತ್ತರಕ್ಕೆ ಕಾಯುವುದನ್ನು ಅವಳು ಕಲಿತಳು. ಕಾದರೆ ಮಕ್ಕಳು ಎಂಥೆಂಥ ಮಾತಾಡುತ್ತಾರೆ! "ಮಿಸ್, ಮೋಡಕ್ಕೆ ನಿದ್ದೆ ಬಂದ್ರೆ ಎಲ್ಲಿ ಮಲಗುತ್ತೆ?" ಅಂತ ಛತ್ರಿ ಚಿತ್ರದವಳು ಕೇಳಿದ್ದನ್ನು ಅವನಿಗೆ ಹೇಳಿ ನಕ್ಕಿದ್ದೇ ನಕ್ಕಿದ್ದು.

"ನಿಮ್ಮಷ್ಟು ತಾಳ್ಮೆ ಇರೋರನ್ನ ನಾನು ನೋಡಿಲ್ಲ ಟೀಚರ್. ಆ ಮಗುವಿಗೋಸ್ಕರ ಎಷ್ಟು ಒದ್ದಾಡ್ತೀರಿ!"

ಹೊಗಳಿಕೆ ಕಪಾಳಕ್ಕೆ ಬಾರಿಸಿದಂತಾಯಿತು.

ಮನೆಯಲ್ಲಿ ಅಮ್ಮನ ಕಾಟ ಬೇರೆ. "ಯಾರೇ ಅದು ಜೋಳಿಗೆ ಮಾಮ? ದಿನಾ ಅವನದ್ದೇ ಜಪ! ಮಕ್ಕಳಿಗೇನೋ ಮಾಮ, ನಿನಗೇನಾಗಬೇಕು?"

"ಅಮ್ಮಾ! ಸುಮ್ಮನಿರ್ತೀಯಾ?"

"ಸುಮ್ಮನಿರ್ತೀನಮ್ಮ. ನಿನ್ನ ಕೆನ್ನೆಗೂ ಸ್ವಲ್ಪ ಸುಮ್ಮನಿರೋಕೆ ಹೇಳು."

ನಗು ಬರುತ್ತಿತ್ತು. ಆಮೇಲೆ ಪರ್ಸಿನ ಜಿಪ್ಪು ಕಣ್ಣಿಗೆ ಬೀಳುತ್ತಿತ್ತು. ಆ ತುಂಡುಗಳನ್ನು ಎಸೆಯಲು ಕೈ ಬರಲಿಲ್ಲ, ತೆಗೆದು ನೋಡಲು ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಅವನು ಚಹಾದ ಲೋಟವನ್ನು ತಿರುಗಿಸುತ್ತಾ ನಿಂತ. "ಈ ತರಬೇತಿ ಮುಗಿದ ಮೇಲೂ... ನಿಮ್ಮನ್ನ ನೋಡೋಕೆ ಬರಬಹುದಾ? ಕೆಲಸಕ್ಕಲ್ಲ. ಸುಮ್ಮನೆ... ನಿಮ್ಮನ್ನ ನೋಡೋಕೆ."

ಎಷ್ಟು ಕನಸಲ್ಲಿ ಕೇಳಿದ್ದ ಮಾತು! 'ಬನ್ನಿ' ಎನ್ನಲು ತುಟಿ ತೆರೆದಳು. ಆದರೆ ಕದ್ದ ಒಡವೆ ತೊಟ್ಟು ಕನ್ನಡಿ ನೋಡುವುದಾದರೂ ಹೇಗೆ? ಅವನು ಮೆಚ್ಚಿದ್ದು ಇಲ್ಲದ ಇನ್ಯಾವಳನ್ನೋ...

"ಬೇಡ ಸರ್."

ಅವನು ಕಾದ. ಕಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅವಳು ತಲೆ ಎತ್ತಲಿಲ್ಲ.

"ಅರ್ಥ ಆಯ್ತು," ಅವನ ದನಿ ತಗ್ಗಿತು. "ಆ ಮಗುವಿಗೆ ನಾನು ಮಾಡಿದ್ದು ನಿಮಗೆ ಮರೆಯೋಕಾಗ್ತಿಲ್ಲ. ನನಗೂ ಆಗ್ತಿಲ್ಲ."

"ಅಯ್ಯೋ, ಅದಲ್ಲ..." ಅನ್ನುವಷ್ಟರಲ್ಲಿ ಅವನು ಲೋಟ ತೊಳೆದಿಟ್ಟು ಹೊರಟಿದ್ದ.

*

ಮುಂದಿನ ಸಲ ಅವನು ಬಂದ ದಿನವೇ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದರು, "ನಾಳೆಯಿಂದ ಇವಳನ್ನ ಕಳಿಸಲ್ಲ ಟೀಚರೇ."

"ಅಜ್ಜಿ! ಯಾಕೆ?"

"ಮೊದಲು ಮನೇಲಾದ್ರೂ ನಗ್ತಿದ್ಲು. ಈಗ ಮನೇಲೂ ಚೀಲ ಬಿಡಲ್ಲ. ನನ್ನ ಕಾಲಿನ ಪಾಡು ಏನಾದ್ರೂ ಆಗಲಿ, ಮನೇಲೇ ಇಟ್ಕೋತೀನಿ."

ಅವನು ಮುಂದೆ ಬಂದು ಕೈಮುಗಿದ. "ಅಜ್ಜಿ, ಟೀಚರ್ ತಪ್ಪೇನಿಲ್ಲ. ಕೊಕ್ಕೆ ಬದಲಾಯಿಸಿ ಅಂದೋನು ನಾನು. ತಪ್ಪೆಲ್ಲ ನಂದು."

ಅಜ್ಜಿ ಅವನನ್ನು ನೋಡಲಿಲ್ಲ. ಚಿಕ್ಕ ಮಿಸ್‌ಳನ್ನೇ ದಿಟ್ಟಿಸಿ ನೋಡಿದರು. ಏನೋ ಹೇಳಲು ಹೋಗಿ, ಬೇಡವೆಂದು, ಮಗುವಿನ ಕೈ ಹಿಡಿದು ಕುಂಟುತ್ತಾ ನಡೆದರು. ಚೀಲ ಅಪ್ಪಿಕೊಂಡ ಆ ಪುಟ್ಟ ಬೆನ್ನು ಗೇಟಿನಾಚೆ ಮರೆಯಾಯಿತು.

ತರಗತಿ ಖಾಲಿಯಾದ ಮೇಲೆ ಅವನು ಹೇಳಿದ, "ನಾಳೆ ಆಫೀಸಿಗೆ ಹೋಗಿ ಈ ಕೆಲಸ ಬಿಡ್ತೀನಿ ಅಂತ ಹೇಳ್ತೀನಿ. ಒಂದು ಮಗುವಿನ ಜಾಗ ಕಳೆದೋನು ನಾಲ್ಕು ಜನ ಟೀಚರ್‌ಗಳಿಗೆ ಏನು ಪಾಠ ಹೇಳಲಿ?"

ಅಷ್ಟೇ. ಅವಳ ಕಟ್ಟೆ ಒಡೆಯಿತು.

"ನೀವಲ್ಲ! ನೀವಲ್ಲ ಸರ್... ನಾನು!"

ಅವಳು ಪರ್ಸಿನ ಜಿಪ್ಪು ಎಳೆದು, ಎರಡು ತುಂಡು ಕಾಗದವನ್ನು ಮಕ್ಕಳ ಪುಟ್ಟ ಮೇಜಿನ ಮೇಲಿಟ್ಟಳು. ಒಂದರಲ್ಲಿ ಬಾತುಕೋಳಿಯ ತಲೆ. ಇನ್ನೊಂದರಲ್ಲಿ ನೀಲಿ ಕಾಲುಗಳು.

"ಅವಳು ಅವತ್ತು ಬಂದೇ ಇರಲಿಲ್ಲ. ರಜೆ ಅಂತ ಸುಳ್ಳು ಹೇಳಿ ಮನೇಲಿರಿಸಿದೆ. ನೀವು ಬಂದಾಗ ಕಿರುಚ್ತಾಳೆ, ನನ್ನ ಕೆಲಸ ಹೋಗುತ್ತೆ ಅಂತ. ಕೊಕ್ಕೆ ನೋಡಿ ನೀವು ಕೇಳಬಾರದು ಅಂತ ಇದನ್ನ ಕಿತ್ತೆ. ಮರುದಿನ ಎಲ್ಲರ ಚಿತ್ರ ಇತ್ತು... ಅವಳದ್ದು ಮಾತ್ರ ಇರಲಿಲ್ಲ. ಕೊಕ್ಕೆ ಮೇಲಿದ್ರೂ ಅಷ್ಟೇ, ಕೆಳಗಿದ್ರೂ ಅಷ್ಟೇ. ನೀವು ಕ್ಷಮೆ ಕೇಳಿದಾಗಲೂ ನಾನು ಬಾಯಿ ಮುಚ್ಕೊಂಡಿದ್ದೆ..."

ಅವನು ತುಂಡುಗಳನ್ನೇ ನೋಡುತ್ತಾ ನಿಂತ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಅವತ್ತು ಸ್ಟೂಲ್ ಹಿಡಿದಿದ್ದು... ಇದಕ್ಕಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಇಷ್ಟು ದಿನ ನನಗೆ ಸರಿಯಾಗಿ ನಿದ್ದೆ ಇಲ್ಲ, ಗೊತ್ತಾ?" ಅವನು ತಲೆಯೆತ್ತಿದ. "ನೀವು ಪಕ್ಕದಲ್ಲೇ ನಿಂತು ಚಹಾ ಕುಡಿದ್ರಿ."

"ಸರ್..."

"ನನಗೆ ಹೇಳಿದ್ರಿ, ಸರಿ. ಹೇಳಬೇಕಾದವಳಿಗೆ ಹೇಳಿದ್ರಾ?"

ಜೋಳಿಗೆ ಹೆಗಲಿಗೇರಿಸಿ ಅವನು ಹೊರಟುಹೋದ. ಅವಳು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುತ್ತಾಳೆ?

*

ಮೊದಲು ದೊಡ್ಡ ಮಿಸ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಖಾಯಂ ಮಾತು ಈ ವರ್ಷ ಎತ್ತೋ ಹಾಗಿಲ್ಲ, ಗೊತ್ತಾಯ್ತಲ್ಲ?"

"ಗೊತ್ತು ಮಿಸ್."

"ಹೆದರಿಸಿ ಕೆಲಸ ತಗೊಂಡೋಳು ನಾನು. ಹೆದರಿದೋರ ಕೈಯಲ್ಲಿ ಮಕ್ಕಳನ್ನ ಬಿಟ್ಟೋಳೂ ನಾನೇ. ನನ್ನ ಪಾಲೂ ಇದೆ ಬಿಡು ಇದರಲ್ಲಿ," ಎಂದು ನಿಟ್ಟುಸಿರಿಟ್ಟರು. "ಹೋಗು. ಅಜ್ಜಿ ಮನೆಗೆ ಹೋಗು."

ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ. ಮೆಟ್ಟಿಲು ಹತ್ತುವಾಗ ಮಂಡಿನೋವಿನ ಅಜ್ಜಿ ದಿನವೂ ಇದನ್ನೇ ಹತ್ತಿಳಿಯುತ್ತಾರಲ್ಲ ಅನ್ನಿಸಿ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ಚಿನಕುರಳಿ ಕಿಟಕಿಯ ಬಳಿ ಕೂತಿದ್ದಳು. ಮಡಿಲಲ್ಲಿ ಚೀಲ.

"ಅಜ್ಜಿ, ಅವತ್ತು ರಜೆ ಇರಲಿಲ್ಲ. ನಾನು ಸುಳ್ಳು ಹೇಳಿದೆ."

"ಗೊತ್ತು."

"ಗೊತ್ತಾ?!"

"ಈ ಕಿಟಕಿ ಕೆಳಗೇ ಅಲ್ವಾ ದಾರಿ? ಮಕ್ಕಳೆಲ್ಲ ಚೀಲ ಹಾಕ್ಕೊಂಡು ಹೋದ್ರು. ಇವಳೂ ನೋಡಿದ್ಲು. ತನ್ನ ಚೀಲ ತಂದು ನನ್ನ ಕೈಗೆ ಕೊಟ್ಲು, ಹೋಗೋಣ ಅಂತ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೇಳಿದ್ರೆ ಮಗು ಮೇಲೆ ಸಿಟ್ಟು ಮಾಡ್ಕೋತೀರೇನೋ ಅಂತ ಸುಮ್ಮನಾದೆ. ಟೀಚರೇ ಬೇಡ ಅಂದ್ಮೇಲೆ ನಮ್ಮ ಮಗುವಿನಲ್ಲೇ ಏನೋ ಐಬಿರಬೇಕು ಅಂದ್ಕೊಂಡೆ."

ಆ ಮಾತು ಅವಳ ಕರುಳು ಹಿಂಡಿತು. "ಇಲ್ಲ ಅಜ್ಜಿ! ಐಬಿದ್ದದ್ದು ನನ್ನಲ್ಲಿ!"

ಅವಳು ಕಿಟಕಿಯ ಬಳಿ ಹೋಗಿ, ಮಗುವಿನ ಎತ್ತರಕ್ಕೆ ನೆಲದ ಮೇಲೆ ಕೂತಳು. ತುಂಡುಗಳನ್ನು ಇಬ್ಬರ ನಡುವೆ ಇಟ್ಟಳು.

"ಪುಟ್ಟಾ, ನಿನ್ನ ಬಾತುಕೋಳಿ ಕಿತ್ತಿದ್ದು ನಾನು. ಹರಿದಿದ್ದೂ ನಾನೇ. ನೀನು ಏನೂ ತಪ್ಪು ಮಾಡಿರಲಿಲ್ಲ. ನನಗೆ ಹೆದರಿಕೆ ಆಗಿತ್ತು, ಹೆದರಿಕೇಲಿ ಕೆಟ್ಟ ಕೆಲಸ ಮಾಡಿದೆ. ಆ ಜಾಗ ನಿಂದೇ. ಯಾವಾಗ್ಲೂ ನಿಂದೇ. ಬರ್ತೀಯಾ?"

ಇಷ್ಟು ಹೇಳಿ ಸುಮ್ಮನಾದಳು. ಅವನು ಕಲಿಸಿದಂತೆ ಕಾದಳು. ಕೆಳಗಿನ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯ ಸದ್ದು ಕೇಳುತ್ತಿತ್ತು. ಅಜ್ಜಿ ಏನೋ ಹೇಳಲು ಬಾಯಿತೆರೆದು, ಟೀಚರ್ ಮುಖ ನೋಡಿ ಮುಚ್ಚಿಕೊಂಡರು.

ಮಗು ತಲೆಯ ತುಂಡನ್ನು ಮುಟ್ಟಿತು. ಕಾಲಿನ ತುಂಡನ್ನು ಅದರ ಹತ್ತಿರಕ್ಕೆ ಸರಿಸಿತು. ಎರಡನ್ನೂ ಜೋಡಿಸಿ ನೋಡಿತು. ಆಮೇಲೆ, ಇಷ್ಟು ದಿನ ಎದೆಗವಚಿಕೊಂಡಿದ್ದ ಚೀಲವನ್ನು ತೆರೆದು, ಒಳಗಿನಿಂದ ಮೋಟು ನೀಲಿ ಬಳಪವೊಂದನ್ನು ತೆಗೆದು ಟೀಚರ್ ಕೈಗೆ ಕೊಟ್ಟಿತು.

ಚಿಕ್ಕ ಮಿಸ್ ಅಳುತ್ತಲೇ ಹರಿದ ಅಂಚಿಗೆ ಬಣ್ಣ ಹಚ್ಚತೊಡಗಿದಳು. ಒಂದು ಪುಟ್ಟ ಕೈ ಅವಳ ಬೆರಳನ್ನು ಹಿಡಿದು, 'ಅಲ್ಲಲ್ಲ, ಇಲ್ಲಿ' ಎಂಬಂತೆ ಸರಿಯಾದ ಜಾಗಕ್ಕೆ ಎಳೆಯಿತು.

"ಟೇಪು ಎಲ್ಲಿಟ್ಟೆನಪ್ಪಾ..." ಎಂದು ಅಜ್ಜಿ ಡಬ್ಬಿಗಳನ್ನು ತಡಕಾಡಿದರು. ಮೂಗು ಸೇದಿಕೊಂಡು ಬೈದರು, "ನಾಳೆ ಕರ್ಕೊಂಡು ಬರ್ತೀನಿ. ಇನ್ನೊಂದು ಸಲ ಹೀಗೆ ಮಾಡಿದ್ರೆ ಮಾತ್ರ ಟೀಚರ್ ಅಂತಾನೂ ನೋಡಲ್ಲ, ಕಿವಿ ಹಿಂಡ್ತೀನಿ!"

"ಹಿಂಡಿ ಅಜ್ಜಿ. ಈಗಲೇ ಹಿಂಡಿ."

ಮರುದಿನ ಬೆಳಗ್ಗೆ ಚಿನಕುರಳಿ ಟೇಪು ಹಚ್ಚಿದ ಬಾತುಕೋಳಿಯನ್ನು ತನ್ನ ಕೈಯಾರೆ ಅಂಟಿಸಿದಳು. ಅಂಗೈಯಿಂದ ಚೆನ್ನಾಗಿ ಒತ್ತಿದಳು. ಚೀಲ ನೇತುಹಾಕಿದಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಇದೆ! ಆಮೇಲೆ ಮರಳಿನತ್ತ ಓಡಿದಳು.

ಚಿಕ್ಕ ಮಿಸ್ ಅಡುಗೆಕೋಣೆಗೆ ಹೋಗಿ ಮುಖ ತೊಳೆದುಕೊಂಡಳು. ಎಷ್ಟು ತೊಳೆದರೂ ಕಣ್ಣು ಮತ್ತೆ ಒದ್ದೆಯಾಗುತ್ತಿತ್ತು. ನೋಡಿ ಹಿಗ್ಗಬೇಕಾದ ಇನ್ನೊಬ್ಬರು ಅಲ್ಲಿರಲಿಲ್ಲ.

*

ಅವನು ಬರುವ ದಿನ ಬಂತು. ಅವನು ಬರಲಿಲ್ಲ.

"ಬೇರೆ ಯಾರನ್ನೋ ಕಳಿಸ್ತಾರಂತೆ ಕಣಮ್ಮ," ಎಂದಳು ಆಯಮ್ಮ. ಮಧ್ಯಾಹ್ನವಾಯಿತು. ಮಕ್ಕಳು ಒಬ್ಬೊಬ್ಬರೇ ಚೀಲ ತೆಗೆದುಕೊಂಡು ಹೋದರು. ಕೊನೆಗೆ ಉಳಿದದ್ದು ನಿಧಾನಕ್ಕೆ ನಡೆದು ಬರುವ ಅಜ್ಜಿಗಾಗಿ ಕಾಯುತ್ತಿದ್ದ ಚಿನಕುರಳಿ ಮಾತ್ರ.

'ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿದ್ದಾರಾ...' ಎಂದುಕೊಳ್ಳುತ್ತಾ ಅವಳು ಬಳಪ ಜೋಡಿಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

ಅವನು!

"ಬರೋ ಮನಸ್ಸಿರಲಿಲ್ಲ," ಅವನು ಹೊಸ್ತಿಲಲ್ಲೇ ನಿಂತ. "ಅರ್ಧ ದಾರಿ ಬಂದು ಎರಡು ಸಲ ವಾಪಸ್ ಹೋದೆ."

"ಸರ್, ಕೆಲಸ..."

"ಬಿಟ್ಟಿಲ್ಲ. ಕಲಿಯೋದು ನನಗೂ ಇದೆ. ಅವತ್ತು ಏನು ಕೀಳ್ತಾ ಇದೀರಿ ಅಂತ ಒಂದು ಮಾತು ಕೇಳಬಹುದಿತ್ತು ನಾನು. ನನ್ನನ್ನ ಕಂಡ್ರೆ ಟೀಚರ್‌ಗಳು ಮಗುವನ್ನೇ ಬಚ್ಚಿಡೋಷ್ಟು ಹೆದರ್ತಾರೆ ಅಂದ್ರೆ, ನಾನು ಬರೋ ರೀತೀಲೂ ಏನೋ ಸರಿಯಿಲ್ಲ."

"ನಿಮ್ಮ ತಪ್ಪಲ್ಲ ಅಂತ ಎಷ್ಟು ಸಲ..." ಅವಳು ಕೈಯಲ್ಲಿದ್ದ ಬಳಪ ಕೆಳಗಿಟ್ಟಳು. "ನನ್ನನ್ನ ಕ್ಷಮಿಸಿದ್ರಾ?"

ಅವನು ಯೋಚಿಸಿದ. ಈ ಸಲ ಕಾಯುವ ಸರದಿ ಅವಳದ್ದು. ಕಾದಳು.

"ಇನ್ನೂ ಪೂರ್ತಿ ಇಲ್ಲ," ಎಂದ ಅವನು. "ಆದ್ರೆ ದೂರ ಇದ್ದು ಪ್ರಯತ್ನ ಮಾಡಿದೆ, ಆಗ್ಲಿಲ್ಲ. ಹತ್ತಿರ ಇದ್ದೇ ನೋಡೋಣ ಅಂತ ಬಂದೆ."

ಅವಳ ಕಣ್ಣು ತುಂಬಿ ಬಂತು. "ಅವತ್ತು ಬೇಡ ಅಂದಿದ್ದು ನೀವು ಬೇಡ ಅಂತಲ್ಲ. ನಿಮ್ಮ ಎದುರು ನಿಲ್ಲೋ ಯೋಗ್ಯತೆ ಇರಲಿಲ್ಲ ನನಗೆ. ಮನಸ್ಸು ಆಗಲೇ ನಿಮ್ಮ ಹತ್ರ ಇತ್ತು... ನೀವು ಆ ಮಗು ಪಕ್ಕ ಜೋಳಿಗೆ ಇಟ್ಕೊಂಡು ಕೂತ ದಿನದಿಂದ."

ಅವನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಜೋಳಿಗೆ ಜಗ್ಗಿದರು. ಚಿನಕುರಳಿ! ಅವನನ್ನು ಎಳೆದುಕೊಂಡು ಹೋಗಿ ತನ್ನ ಬಾತುಕೋಳಿಯನ್ನು ತೋರಿಸಿದಳು. ಅವನು ಮಂಡಿಯೂರಿ, ಟೇಪು ಹಚ್ಚಿದ ಗೆರೆಯನ್ನು ಬಹಳ ಹೊತ್ತು ನೋಡಿದ. ಅವಳಿಗೆ ಅಷ್ಟು ಸಾಲದೆಂದು ಕಾಣುತ್ತದೆ. ಮತ್ತೆ ಜಗ್ಗಿ, ಬಾಗಿಲ ಪಕ್ಕದ ಎತ್ತರದ ಕೊಕ್ಕೆಯ ಕೆಳಗೆ ನಿಲ್ಲಿಸಿದಳು. ಅಲ್ಲಿ ಟೀಚರ್ ಪರ್ಸು ತೂಗುತ್ತಿತ್ತು.

ಮಗು ಬೆರಳೆತ್ತಿ ತೋರಿಸಿತು. "ಇಲ್ಲಿ."

ದೊಡ್ಡವರಿಬ್ಬರೂ ಉಸಿರು ಬಿಗಿಹಿಡಿದರು. ಒಂದೇ ಮಾತು! ತೀರಾ ಮೆಲ್ಲಗೆ, ಆದರೆ ಸ್ಪಷ್ಟವಾಗಿ!

ಅವನು ಜೋಳಿಗೆಯನ್ನು ಹೆಗಲಿನಿಂದ ತೆಗೆದ. ಚಿಕ್ಕ ಮಿಸ್ ಕಡೆ ತಿರುಗಿದ. "ಹಾಕಲಾ?"

"ಗುರುತಿನ ಚಿತ್ರ ಇಲ್ಲದೆ ಇಲ್ಲಿ ಯಾರೂ ಚೀಲ ಹಾಕೋ ಹಾಗಿಲ್ಲ," ಅವಳು ಅಳುತ್ತಲೇ ನಕ್ಕಳು.

"ಹಾಗಾದ್ರೆ ಬರೆದುಕೊಡಿ."

"ಏನು ಬರೀಲಿ?"

"ಒಂದು ಸ್ಟೂಲ್. ಕಾಲು ಕುಂಟಾಗಿರಲಿ, ಪರವಾಗಿಲ್ಲ."

"ಹಿಡ್ಕೊಳ್ಳೋರು ಬೇಕಲ್ಲ ಮತ್ತೆ..."

"ಹಿಡ್ಕೋತೀನಿ," ಎಂದು ಅವನು ಜೋಳಿಗೆಯನ್ನು ಅವಳ ಪರ್ಸಿನ ಪಕ್ಕ ನೇತುಹಾಕಿದ. "ಈ ಸಲ ಏನು ಮಾಡ್ತಾ ಇದೀರಿ ಅಂತ ಕೇಳಿಯೇ ಹಿಡ್ಕೋತೀನಿ."

"ನಾನೂ ಹೇಳಿಯೇ ಹತ್ತುತ್ತೀನಿ."